ಎಕ್ಸ್‌ರೇ ಹಾಳೆಯಲ್ಲಿ ಕೊರೆದ ಹೂವು

ಕಳೆದ ವಾರ ಪಣಕಹಳ್ಳಿಯ ನೆಂಟರು ಮದುವೆಗೆ ಕರೆಯಲು ಬಂದಿದ್ದರು. ಕಾಫಿ ಕುಡಿದು, ಕುಂಕುಮ ಕೊಟ್ಟು, ಕಾರ್ಡು ಕೈಗಿಟ್ಟು ಹೋದರು. ದಪ್ಪ ಕಾಗದ, ಮೂಲೆಯಲ್ಲಿ ಉಬ್ಬಿ ನಿಂತ ಒಂದು ತಾವರೆ. ಮಿಷನ್ನಿನಲ್ಲಿ ಒತ್ತಿದ್ದು, ಎಲ್ಲ ದಳವೂ ಒಂದೇ ಸಮ. ಗಂಡು ಹೆಣ್ಣಿನ ಹೆಸರು ಓದುವುದಕ್ಕೂ ಮೊದಲೇ ನನ್ನ ಹೆಬ್ಬೆರಳು ಕಾರ್ಡಿನ ಬೆನ್ನಿಗೆ ಹೋಗಿ ಆ ತಾವರೆಯ ಹಳ್ಳವನ್ನು ತಡವುತ್ತಿತ್ತು. ಕಾರ್ಡನ್ನು ಹಿಂದಿನಿಂದ ನೋಡುವ ಈ ಚಾಳಿ ನನಗೆ ಹತ್ತಿಸಿದ್ದು ಪಕ್ಕದ ಮನೆಯ ಅಕ್ಕ.

ನಾನು ಮದುವೆಯಾಗಿ ತಮಿಳುನಾಡಿನ ಗಡಿಯೊಳಗಿರುವ ತಾಳವಾಡಿಗೆ ಬಂದಾಗ ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಮನೆಯಲ್ಲಿ ಮೂರು ಜನ. ಅಕ್ಕ, ಅವಳ ಗಂಡ, ಗಂಡನ ತಾಯಿ. ಮಕ್ಕಳಿರಲಿಲ್ಲ. ಗಂಡ ಗಡಿಯಾಚೆಯ ಕರಿಕಲ್ಲು ಕ್ವಾರಿಯಲ್ಲಿ ಬಹಳ ವರ್ಷ ಕಲ್ಲು ಕೊರೆದವನು. ನಾನು ಕಂಡಾಗ ಆಗಲೇ ಕೆಲಸ ಬಿಟ್ಟು ಜಗಲಿಯ ಮೇಲೆ ಕೂತಿರುತ್ತಿದ್ದ. ಕೂತು ಕೆಮ್ಮುತ್ತಿದ್ದ. ಗೋಡೆಯ ಈಚೆಗೆ ಆ ಕೆಮ್ಮು ಎಷ್ಟು ರೂಢಿಯಾಯಿತೆಂದರೆ, ನಿಂತಾಗ ಮಾತ್ರ ಕಿವಿ ನೆಟ್ಟಗಾಗುತ್ತಿತ್ತು…

ಅಕ್ಕ ಒಂದು ಸಣ್ಣ ಆಸ್ಪತ್ರೆಯಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿದ್ದ ಸಿಸ್ಟರ್ ಒಬ್ಬರು ಬಿಡುವಿನಲ್ಲಿ ಅವಳಿಗೆ ಕಾಗದದ ಮೇಲೆ ಹೂವು ಉಬ್ಬಿಸುವುದನ್ನು ಕಲಿಸಿದ್ದರು. ಮೈಸೂರಿನ ಒಂದು ಅಂಗಡಿಗೆ ಕ್ರಿಸ್‌ಮಸ್ಸಿಗೆ, ಹೊಸವರ್ಷಕ್ಕೆ, ಮದುವೆ ಕಾಲಕ್ಕೆ ಕಾರ್ಡು ಹೋಗುತ್ತಿದ್ದವು. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು. ಅಕ್ಕ ‘ಉಬ್ಬು ಕೆಲಸ’ ಎನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ ಬೇಡವಾದ ಎಕ್ಸ್‌ರೇ ಹಾಳೆಗಳನ್ನು ತಂದು ಬಿಸಿ ಸೋಪಿನ ನೀರಿನಲ್ಲಿ ನೆನೆಹಾಕಿ ಉಜ್ಜುವಳು. ಕಪ್ಪೆಲ್ಲ ಬಿಟ್ಟು ತಿಳಿನೀಲಿ ಹಾಳೆ ಉಳಿಯುತ್ತಿತ್ತು. ಅದರ ಮೇಲೆ ಹೂವೋ ಬಳ್ಳಿಯೋ ಬರೆದು ಬ್ಲೇಡಿನಿಂದ ಕೊರೆದರೆ ಅಚ್ಚು ಸಿದ್ಧ. ಅಚ್ಚನ್ನು ಕಿಟಕಿಯ ಗಾಜಿಗೆ ಅಂಟಿಸಿ ಅದರ ಮೇಲೆ ಕಾಗದ ಇಟ್ಟರೆ ಕೊರೆದ ಜಾಗದಲ್ಲಷ್ಟೇ ಬೆಳಕು ಎದ್ದು ಕಾಣುತ್ತದೆ. ಕಾಗದದ ಬೆನ್ನಿಗೆ ಮೇಣದಬತ್ತಿ ಸವರಿ, ಬರಿದಾದ ಪೆನ್ನಿನ ಮೊನೆಯಿಂದ ಆ ಬೆಳಕಿನ ಅಂಚಿನಗುಂಟ ಒತ್ತುತ್ತ ಬರಬೇಕು. ತಿರುಗಿಸಿ ನೋಡಿದರೆ ಹೂವು ಎದ್ದು ನಿಂತಿರುತ್ತದೆ. ಬಣ್ಣವಿಲ್ಲ, ಶಾಯಿಯಿಲ್ಲ. ಬಿಳಿಯ ಮೇಲೆ ಬಿಳಿ. ಕಣ್ಣಿಗಿಂತ ಬೆರಳಿಗೇ ಚೆನ್ನಾಗಿ ಕಾಣುವ ಹೂವು.

ಬೀದಿಯವರೂ ತಮ್ಮ ಮನೆಯ ಹಳೆಯ ಹಾಳೆಗಳನ್ನು ತಂದು ಕೊಡುತ್ತಿದ್ದರು. ನೀರಿಗೆ ಹಾಕುವ ಮುಂಚೆ ಅವಳು ಒಂದು ಸಲ ಬಿಸಿಲಿಗೆ ಹಿಡಿದು ನೋಡುವಳು. “ಇದ್ಯಾರ ಮೊಣಕಾಲೋ ಕಾಣೆ, ಪಾಪ. ಎಲ್ಲೆಲ್ಲಿ ತಿರುಗಿತ್ತೋ,” ಎಂದು ಲೊಚಗುಟ್ಟಿ ಆಮೇಲೆ ಮುಳುಗಿಸುವಳು.

ಆ ಮನೆಯಲ್ಲಿ ಅವಳು ಮುಟ್ಟದ ಹಾಳೆಗಳೂ ಇದ್ದವು. ಗಂಡನ ಎದೆಯ ಪಟಗಳು. ಚಾಮರಾಜನಗರದ ಆಸ್ಪತ್ರೆಗೆ ಹೋದಾಗಲೆಲ್ಲ ಒಂದು ಹೊಸ ಪಟ. ಬಸ್ಸಿನಲ್ಲಿ ಆ ಕವರನ್ನು ಅವನ ತಾಯಿ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ನಾನು ಅವಳನ್ನು ದೊಡ್ಡವ್ವ ಎನ್ನುತ್ತಿದ್ದೆ. ಡಾಕ್ಟರ ಕೋಣೆಗೆ ಹೋಗುತ್ತಿದ್ದವಳು ಅಕ್ಕ. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವಳು ದೊಡ್ಡವ್ವ. ವಾಪಸು ಬಂದ ಕವರುಗಳೆಲ್ಲ ಅಟ್ಟದ ಮೇಲೆ ಒಂದರ ಮೇಲೊಂದು ಸೇರುತ್ತಿದ್ದವು.

ಒಂದು ಕಾರ್ತಿಕದಲ್ಲಿ ಅವನು ತೀರಿಕೊಂಡ. ಗೋಡೆಯಾಚೆ ಕೆಮ್ಮು ನಿಂತಿತು.

ಅದರ ಬೆನ್ನಿಗೇ ಹೊಸವರ್ಷದ ಕಾರ್ಡುಗಳ ಆರ್ಡರು ಬಂತು. ಸಾವಿನ ಮನೆಯೆಂದು ಅಂಗಡಿಯವರು ನಿಲ್ಲುತ್ತಾರೆಯೇ. ಅಷ್ಟರಲ್ಲಿ ಆಸ್ಪತ್ರೆಗೆ ಕಂಪ್ಯೂಟರ್ ಬಂದು ಹಳೆಯ ಹಾಳೆ ಸಿಗುವುದೂ ಕಡಿಮೆಯಾಗಿತ್ತು. ಇದ್ದ ಅಚ್ಚುಗಳೆಲ್ಲ ಒತ್ತಿ ಒತ್ತಿ ಅಂಚು ಸವೆದು ಹೋಗಿದ್ದವು.

ಒಂದು ಮಧ್ಯಾಹ್ನ ಪಕ್ಕದ ಹಿತ್ತಲಿನಿಂದ ದೊಡ್ಡವ್ವನ ಕೂಗು ಕೇಳಿ ಓಡಿದೆ. ಬೋಸಿಯ ತುಂಬ ಕಪ್ಪುನೀರು. ಅಕ್ಕನ ಮೊಣಕೈವರೆಗೂ ನೊರೆ. ಕಲ್ಲಿನ ಮೇಲೆ ತೊಳೆದಿಟ್ಟ ನೀಲಿ ಹಾಳೆಗಳು ಒಣಗುತ್ತಿದ್ದವು.

“ಅಯ್ಯೋ, ನನ್ ಮಗನ್ ಎದೆಯ ತೊಳ್ದುಬುಟ್ಳಲ್ಲಪ್ಪೋ! ಸೋಪ್ ನೀರ್ಗಾಕಿ ಉಜ್ಜುಬುಟ್ಳಲ್ಲೋ!” ದೊಡ್ಡವ್ವ ಎದೆ ಬಡಿದುಕೊಳ್ಳುತ್ತಿದ್ದಳು.

ಅಕ್ಕ ತಲೆ ಎತ್ತಲಿಲ್ಲ. ಬಹಳ ದಣಿದವರ ದನಿಯಲ್ಲಿ ಹೇಳಿದಳು: “ಮಡಿಕ್ಕಂಡು ಏನ್ ಮಾಡ್ಲಿ ಅತ್ತೆ? ಡಾಕ್ಟ್ರು ದೀಪದ್ ಮುಂದೆ ಇಡ್ದು ತೋರುಸ್ದಾಗೆಲ್ಲ ನೋಡ್ದೋಳು ನಾನು. ಬಿಳಿ ಚುಕ್ಕಿ ಎಚ್ಚಾಗ್ತಾ ಬಂದುದ್ನ ನೋಡ್ದೋಳೂ ನಾನೇ. ಇನ್ ನನ್ ಕೈಲಿ ನೋಡಕಾಗಲ್ಲ.”

ದೊಡ್ಡವ್ವ ಬೋಸಿಯ ಪಕ್ಕದಲ್ಲಿ ಇನ್ನೂ ನೀರಿಗೆ ಬೀಳದೆ ಉಳಿದಿದ್ದ ಕೊನೆಯ ಪಟವನ್ನು ಕಿತ್ತುಕೊಂಡು ಒಳಗೆ ಹೋದಳು. ಮನೆಯಲ್ಲಿ ಒಳ್ಳೆಯ ಬೆಳಕು ಬರುತ್ತಿದ್ದ ಕಿಟಕಿ ಒಂದೇ. ಅದರ ಗಾಜಿಗೂ ಕಂಬಿಗೂ ನಡುವೆ ಅದನ್ನು ಸಿಕ್ಕಿಸಿದಳು. ಮೇಲೊಂದು ಕನಕಾಂಬರ ಇಟ್ಟಳು. ಅಂದಿನಿಂದ ಅತ್ತೆ ಸೊಸೆಗೆ ಮಾತಿಲ್ಲ.

ಅಕ್ಕ ಕೆಲಸ ಮಾಡುತ್ತಿದ್ದುದೂ ಅದೇ ಕಿಟಕಿಯಲ್ಲಿ. ಮರುದಿನ ಅಚ್ಚು, ಕಾಗದ, ಮೇಣದಬತ್ತಿಯ ತುಂಡುಗಳನ್ನೆಲ್ಲ ಸೆರಗಿನಲ್ಲಿ ತುಂಬಿಕೊಂಡು ನಮ್ಮ ಮನೆಗೆ ಬಂದಳು. “ನಿಮ್ ಕಿಟ್ಕಿ ಒಸಿ ಕೊಡು ಅಮ್ಮಿ. ಬೆಳಿಗ್ಗೆ ಬಿಸ್ಲು ಬಿದ್ರೆ ಅವ್ರ ಪಕ್ಕೆಲುಬು ನೆಲದ್ ಮ್ಯಾಲೆ ಬೀಳ್ತದ. ಅದ್ರ ಮ್ಯಾಲೆ ಪೊರಕೆ ಆಡ್ಸಕ್ಕೆ ನನ್ ಕೈಲಿ ಆಗಲ್ಲ ಕಣಮ್ಮಿ,” ಎಂದಳು.

ಹಾಗೆ ನಮ್ಮ ನಡುಮನೆಯ ಕಿಟಕಿ ಅವಳದಾಯಿತು. ನನ್ನ ಮಗು ಮಲಗಿದಾಗ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಮೊದಮೊದಲು ಕಾಗದ ಹರಿಯುತ್ತಿತ್ತು. ಅವಳು ಬೈಯುತ್ತಿರಲಿಲ್ಲ. ಹರಿದದ್ದನ್ನು ತಿರುಗಿಸಿ ಬೆನ್ನು ತೋರಿಸಿ, ಎಲ್ಲಿ ಜೋರಾಯಿತೆಂದು ಬೆರಳಿಟ್ಟು ಹೇಳುತ್ತಿದ್ದಳು. ಹೆಚ್ಚಿಗೆ ಮಾತಾಡುತ್ತಿರಲಿಲ್ಲ. ಅವಳಿಗೂ ಸಾಕಾಗಿತ್ತು, ನನಗೂ ಆ ವರ್ಷಗಳಲ್ಲಿ ಏನೇನೋ ಸಾಕಾಗಿತ್ತು… ಗಾಜಿನ ಮೇಲೆ ಪೆನ್ನಿನ ಮೊನೆ ಓಡುವ ಸದ್ದೇ ಸಾಕೆನಿಸುತ್ತಿತ್ತು.

ಮಧ್ಯಾಹ್ನವಾದರೆ ದೊಡ್ಡವ್ವ ನಮ್ಮ ಹೊಸಿಲಿಗೆ ಬಂದು ನಿಲ್ಲುವಳು. ಸೊಸೆ ಎದುರಿಗೇ ಕೂತಿದ್ದರೂ ಮಾತು ನನಗೆ.

“ಅವ್ಳ್ಗೆ ಯೋಳವ್ವ, ಮುದ್ದೆ ಆರೋಯ್ತದ, ಉಣ್ಣಾಕ್ ಬರ್ಲಿ ಅಂತ.”

“ಬತ್ತೀನಿ ಅಂತ ಯೋಳಮ್ಮಿ,” ಎಂದು ಅಕ್ಕ ಕಾಗದದಿಂದ ಕಣ್ಣೆತ್ತದೆ ಹೇಳುವಳು.

ನಾನು ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಆದರೂ ಒಂದು ದಿನವೂ ನನ್ನನ್ನು ಬಿಟ್ಟು ಅವರು ನೇರವಾಗಿ ಮಾತಾಡಲಿಲ್ಲ. ಜಗಳಕ್ಕಿಂತ ಈ ಮೌನ ನನ್ನನ್ನೇ ಹೆಚ್ಚು ಸುಸ್ತು ಮಾಡುತ್ತಿತ್ತು. ಒಮ್ಮೆ ತಡೆಯಲಾಗದೆ, “ಅಲ್ಲ ದೊಡ್ಡವ್ವ, ಆ ಪಟ ಅಲ್ಲಿಂದ ತೆಗ್ದು ಪೆಟ್ಟಿಗೇಲಿ ಇಟ್ಟುಬುಡಬಾರ್ದಾ?” ಎಂದು ಕೇಳಿಯೇಬಿಟ್ಟೆ.

ದೊಡ್ಡವ್ವ ಹೊಸಿಲಿನ ಮೇಲೇ ಕೂತಳು.

“ಆ ಪಟ ತೆಗಿಯೋವಾಗ ನಾನು ಬಾಗ್ಲಾಚೆ ಕುಂತಿದ್ದೆ ಕಣವ್ವ. ‘ಉಸ್ರು ಇಡ್ಕೊ’ ಅಂದ್ರು ಒಳ್ಗೆ. ಅದು ಕೇಳುಸ್ತು. ‘ಬುಡು’ ಅಂದಿದ್ದು ನಂಗೆ ಕೇಳುಸ್ನಿಲ್ಲ. ಆ ಪಟದಲ್ಲಿ ಅವ್ನು ಇನ್ನೂ ಉಸ್ರು ಇಡ್ಕಂಡೇ ಅವ್ನೆ. ಅಂಥದ್ನ ಎಂಗವ್ವ ಕತ್ಲೇಲಿ ಮಡಗ್ಲಿ?”

ಕಿಟಕಿಯ ಬಳಿ ಪೆನ್ನಿನ ಸದ್ದು ನಿಂತಿತ್ತು. ಅಕ್ಕ ಎದ್ದು, ಅರ್ಧ ಒತ್ತಿದ ಕಾಗದವನ್ನು ಗಾಜಿನ ಮೇಲೇ ಬಿಟ್ಟು, ಅತ್ತೆಯ ಪಕ್ಕದಿಂದ ದಾಟಿ ಮನೆಗೆ ಹೋದಳು. ಆ ಸಂಜೆ ಅವರಿಬ್ಬರ ನಡುವೆ ಏನಾಯಿತೋ ನನಗೆ ತಿಳಿಯದು. ಗೋಡೆಯಾಚೆಯಿಂದ ಅಳುವಾಗಲಿ ಕೂಗಾಟವಾಗಲಿ ಕೇಳಲಿಲ್ಲ. ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಅಕ್ಕನ ದನಿ ಕೇಳಿಸಿತು: “ಅತ್ತೆ, ಸೀಗೆಪುಡಿ ಎಲ್ಲಿ ಮಡಗಿದ್ದೀರಿ?” ದೊಡ್ಡವ್ವ ಏನೋ ಗೊಣಗಿದಳು. ಬಿಂದಿಗೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ ನಾನು.

ಪಟ ಕಿಟಕಿಯಲ್ಲೇ ಉಳಿಯಿತು. ಅಕ್ಕನ ಕೆಲಸ ನಮ್ಮ ಮನೆಯಲ್ಲೇ ನಡೆಯಿತು. ವ್ಯತ್ಯಾಸ ಇಷ್ಟೇ, ಈಗ ದೊಡ್ಡವ್ವನೂ ಜೊತೆಗೆ ಬಂದು ಗೋಡೆಗೊರಗಿ ಕಾಲು ಚಾಚಿ ಕೂತು, ಕಾಗದದ ಬೆನ್ನಿಗೆ ಮೇಣ ಸವರಿ ಕೊಡುತ್ತಿದ್ದಳು. ಮಂಜು ಕವಿದ ಚಳಿಗಾಲದ ಬೆಳಿಗ್ಗೆಗಳಲ್ಲಿ ಬೆಳಕಿಗಾಗಿ ಕಾಯುತ್ತ ಮೂವರೂ ಸುಮ್ಮನೆ ಕೂತಿರುತ್ತಿದ್ದೆವು…

ಆಮೇಲೆ ಸಿಸ್ಟರಿಗೆ ಬೇರೆ ಊರಿಗೆ ವರ್ಗವಾಯಿತು. ಎಲ್ಲರ ಕೈಗೂ ಫೋನು ಬಂತು. ಹಬ್ಬದ ಶುಭಾಶಯ ಫೋನಿನಲ್ಲೇ ಹೋಗತೊಡಗಿದ ಮೇಲೆ ಮೈಸೂರಿನ ಅಂಗಡಿಯವರು ಮೊದಲು ಕಡಿಮೆ ಕಳಿಸಿ ಎಂದರು, ಆಮೇಲೆ ಏನೂ ಅನ್ನಲಿಲ್ಲ.

ದೊಡ್ಡವ್ವ ಹೆಚ್ಚು ನರಳಲಿಲ್ಲ. ಮೂರು ದಿನ ಜ್ವರ ಬಂದು ಮಲಗಿದ್ದವಳು ಬೆಳಗಿನ ಜಾವ ಹೋಗಿದ್ದಳು. ಮಣ್ಣು ಮಾಡಲು ಹೊರಡಿಸುವಾಗ, ಚಟ್ಟ ಎತ್ತುವ ಮುಂಚೆ ಅಕ್ಕ ಒಳಗೆ ಹೋಗಿ ಕಿಟಕಿಯಿಂದ ಆ ಪಟವನ್ನು ಬಿಡಿಸಿಕೊಂಡು ಬಂದಳು. ಬಿಸಿಲಿಗೆ ಅದರ ಅಂಚು ಸುರುಳಿಯಾಗಿತ್ತು. ಸೆರಗಿನಿಂದ ಧೂಳು ಒರೆಸಿ, ದೊಡ್ಡವ್ವನ ಎದೆಯ ಮೇಲೆ, ಹೊದಿಸಿದ ಬಟ್ಟೆಯ ಒಳಗೆ ಇಟ್ಟಳು.

ಕುಲದ ಹಿರಿಯರೊಬ್ಬರು ಬಗ್ಗಿ ನೋಡಿ, “ಅದೇನವ್ವ ಮಡಗ್ತಿರೋದು?” ಎಂದರು.

“ಅವ್ರ ಮಗ,” ಎಂದಳು ಅಕ್ಕ.

ಚಟ್ಟ ಎತ್ತಿದರು.

ಅದಾದ ಕೆಲವು ತಿಂಗಳಿಗೆ ಅಕ್ಕ ತಿರುಪ್ಪೂರಿಗೆ ಹೋದಳು. ಅಲ್ಲಿ ಅವಳ ತಂಗಿ ಇದ್ದಳು. ಬನಿಯನ್ ಕಂಪನಿಯಲ್ಲಿ ನೂಲು ಕತ್ತರಿಸಿ ಮಡಿಸುವ ಕೆಲಸ ಸಿಕ್ಕಿತು. ಹೊರಟ ದಿನ ಸತ್ಯಮಂಗಲದ ಬಸ್ಸು ಹತ್ತಿಸಲು ನಾನು ಹೋಗಿದ್ದೆ. ಅಚ್ಚುಗಳ ಕಟ್ಟನ್ನು ಚೀಲದಲ್ಲಿ ಹಾಕಿಕೊಂಡಿದ್ದಳು. “ಭಾನ್ವಾರ ರಜ ಇರ್ತದಂತೆ. ಒತ್ಬೋದು,” ಎಂದಳು. ಒತ್ತಲಿಲ್ಲ. ಮೊದಲು ವಾರಕ್ಕೊಮ್ಮೆ ಫೋನು ಬರುತ್ತಿತ್ತು. ದಿನವಿಡೀ ನಿಂತು ಕಾಲು ಊದುತ್ತದೆ, ಭಾನುವಾರ ಬಂದರೆ ಮಲಗಿದವಳು ಮಲಗಿಯೇ ಇರುತ್ತೇನೆ ಎನ್ನುತ್ತಿದ್ದಳು. “ಇಲ್ಲಿ ಮನೆಗೊಳ್ಗೆ ಬೆಳಕೇ ಬರಲ್ಲ ಅಮ್ಮಿ, ಅಗಲೊತ್ತೂ ಲೈಟು,” ಎಂದಿದ್ದಳು ಒಮ್ಮೆ. ಆಮೇಲೆ ಹಬ್ಬಕ್ಕೊಂದು ಫೋನು. ಆಮೇಲೆ ಅದೂ ಇಲ್ಲ. ನಾನು ಮಾಡಿದರೆ, ನಾಳೆ ಮಾತಾಡೋಣ ಎನ್ನುವಳು. ನನಗೂ ನಾಳೆ ಮಾತಾಡಿದರಾಯಿತು ಎಂದೇ ಅನಿಸುತ್ತಿತ್ತು.

ಹೋದ ವರ್ಷ ಮಳೆಗಾಲದಲ್ಲಿ ಅವಳ ನಂಬರಿನಿಂದ ಕರೆ ಬಂತು. ಮಾತಾಡಿದ್ದು ಅವಳ ತಂಗಿಯ ಮಗಳು. ತಿರುಪ್ಪೂರಿನಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ಬಾರದು. ತನ್ನ ದೊಡ್ಡಮ್ಮ, ಅಂದರೆ ನಮ್ಮ ಅಕ್ಕ, ತೀರಿಕೊಂಡು ತಿಂಗಳಾಯಿತು ಎಂದು ತಮಿಳಿನಲ್ಲಿ ಹೇಳಿದಳು. ಏನಾಗಿತ್ತು ಎಂದರೆ, ಏನೂ ಆಗಿರಲಿಲ್ಲ, ಕೆಲಸದಿಂದ ಬಂದು ಮಲಗಿದವರು ಏಳಲಿಲ್ಲ ಎಂದಳು. ಸಿಮ್ ನಿಲ್ಲಿಸುವ ಮುಂಚೆ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ತಿಳಿಸುತ್ತಿದ್ದಳಂತೆ. ನನ್ನ ನಂಬರಿನ ಎದುರು ‘ತಾಳವಾಡಿ’ ಎಂದಷ್ಟೇ ಇತ್ತಂತೆ.

“ನೀಂಗ ಯಾರು?” ಎಂದು ಕೇಳಿದಳು.

ಯಾರೆಂದು ಹೇಳಲಿ? ಹುಡುಕಿದರೆ ನೆಂಟಸ್ತನದ ಒಂದು ಹೆಸರೂ ಸಿಗಲಿಲ್ಲ. ಪಕ್ಕದ ಮನೆಯವಳು ಎಂದೆ.

“ಸರಿಂಗ,” ಎಂದು ಫೋನಿಟ್ಟಳು.

ಪಕ್ಕದ ಮನೆ ಈಗ ಬೆಳ್ಳುಳ್ಳಿ ವ್ಯಾಪಾರಿಯೊಬ್ಬರ ಗೋದಾಮು. ಸಂಜೆ ಬಂದು ಬೀಗ ಹಾಕಿಕೊಂಡು ಹೋಗುತ್ತಾರೆ. ನಡುಗೋಡೆ ಹಾಗೇ ಇದೆ. ಕೆಲಸವೆಲ್ಲ ಮುಗಿದ ಮೇಲೆ ನಾನು ಅದಕ್ಕೆ ಬೆನ್ನು ಕೊಟ್ಟು ಕೂರುತ್ತೇನೆ. ಇನ್ನೊಂದು ಬದಿಯಲ್ಲಿ ಯಾರೂ ಇಲ್ಲವೆಂದು ಗೊತ್ತು. ಗೊತ್ತಿದ್ದೂ, ಟೀವಿಯ ಸದ್ದನ್ನು ತಗ್ಗಿಸುತ್ತೇನೆ.