ಭಾವನ ಬೂಟಿನ ಕೆಸರು

ಕುವೈತಿನಲ್ಲಿ ಧೂಳು ಬೇಕಾದಷ್ಟು ಸಿಗುತ್ತದೆ, ಕೆಸರು ಸಿಗುವುದಿಲ್ಲ. ಹಾಗಿರುವಾಗ ಅಹ್ಮದಿ ಪೇಟೆಯ ಒಂದು ಕ್ವಾರ್ಟರ್ಸಿನ ಬಾಗಿಲ ಹೊರಗೆ, ಚಪ್ಪಲಿ ಸ್ಟ್ಯಾಂಡಿನ ಕೆಳಗಿನ ಹಲಗೆಯಲ್ಲಿ, ಹಿಮ್ಮಡಿಯಿಂದ ಲೇಸಿನವರೆಗೆ ಕಪ್ಪು ಕೆಸರು ಒಣಗಿ ಅಂಟಿಕೊಂಡ ಒಂದು ಜೊತೆ ಬೂಟು ಕಂಡರೆ ಯಾರಿಗಾದರೂ ಸಂಶಯ ಬರುತ್ತದೆ. ನನಗಂತೂ ಬಂತು. ನಾನು ಆ ಮನೆಗೆ ಹೋದದ್ದೇ ಸಂಶಯ ಪಡಲಿಕ್ಕೆ.

ಆ ಬೂಟಿನ ಒಡೆಯರು ಆಗ ಇನ್ನೂ ನನ್ನ ಭಾವ ಆಗಿರಲಿಲ್ಲ. ಎಣ್ಣೆ ಕಂಪನಿಯೊಂದರ ಸ್ಟೋರಿನಲ್ಲಿ ದೊಡ್ಡ ಕೆಲಸ, ವಯಸ್ಸು ನಲವತ್ತರ ಹತ್ತಿರ, ಮದುವೆಯಾಗಿಲ್ಲ, ನಮ್ಮದೇ ಮಂಗಳೂರು ಕಡೆಯ ಕೊಂಕಣಿ ಮನೆತನ. ಶುಕ್ರವಾರದ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಒಬ್ಬರು ಹಿರಿಯ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು, "ನಿನ್ನ ಅಕ್ಕನಿಗೆ ಆಗಬಹುದು, ಬಂಗಾರದಂಥ ಮನುಷ್ಯ" ಎಂದಿದ್ದರು.

ಬಂಗಾರ ಎಂದಾಗಲೇ ನನ್ನ ಕಿವಿ ನೆಟ್ಟಗಾಯಿತು. ಅಕ್ಕ ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳಿಗೆ ಈ ಹಿಂದೆಯೂ ಒಂದು ಬಂಗಾರ ತಂದಿದ್ದರು. ನಿಶ್ಚಿತಾರ್ಥವಾಗಿ, ಸೀರೆ ಕೂಡ ತೆಗೆದ ಮೇಲೆ ಗೊತ್ತಾಯಿತು, ಆ ಮಹಾಶಯನಿಗೆ ಬೊಂಬಾಯಿಯಲ್ಲಿ ಹೆಂಡತಿ ಇದ್ದಾಳೆಂದು. ಅಕ್ಕ ಅಳಲಿಲ್ಲ. ನಗುವುದನ್ನು ಮಾತ್ರ ನಿಲ್ಲಿಸಿದಳು. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ನಮ್ಮ ಮನೆಯಲ್ಲಿ ಆ ಊದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇನ್ನೊಮ್ಮೆ ಅಕ್ಕ ಮೋಸ ಹೋದರೆ ಅವಳು ಯಾರನ್ನೂ ನಂಬಲಾರಳು ಎಂಬ ಹೆದರಿಕೆ ನನಗೆ ನಿಜವಾಗಿಯೂ ಇತ್ತು.

ವಿಚಾರಿಸುತ್ತ ಹೋದಂತೆ ಕಥೆ ಇನ್ನಷ್ಟು ಗೋಜಲಾಯಿತು. ಈ ಮನುಷ್ಯ ಪ್ರತಿ ಬೇಸಿಗೆ ರಜೆಯಲ್ಲಿ ಮೊದಲು ಇಂಗ್ಲೆಂಡಿಗೆ ಹೋಗುತ್ತಾನೆ. ಲಂಡನ್ನಿಗಲ್ಲ. ಉತ್ತರದ ಯಾವುದೋ ಗುಡ್ಡಗಾಡಿಗೆ. ನೆಂಟರಿಲ್ಲ, ಕೆಲಸವಿಲ್ಲ. ಕೇಳಿದರೆ "ನಡೆಯಲಿಕ್ಕೆ" ಎನ್ನುತ್ತಾನೆ. ನಡೆಯಲಿಕ್ಕೆ! ನಮ್ಮವರು ವೇಲಂಕಣಿಗೆ ನಡೆದದ್ದು ಕೇಳಿದ್ದೇನೆ, ಸಕ್ಕರೆ ಕಾಯಿಲೆಗೆ ನಡೆದದ್ದು ಕೇಳಿದ್ದೇನೆ. ದೇವಸ್ಥಾನವೂ ಇಲ್ಲದ, ಇಗರ್ಜಿಯೂ ಇಲ್ಲದ ಬೋಳು ಗುಡ್ಡ ಹತ್ತಲು ವಿಮಾನದ ಟಿಕೆಟ್ ತೆಗೆಯುವವನನ್ನು ಕೇಳಿರಲಿಲ್ಲ. "ಅಲ್ಲಿ ಒಬ್ಬಳು ಇರಬೇಕು" ಎಂದ ನನ್ನ ರೂಮಿನವ. ನನಗೂ ಹಾಗೆಯೇ ಅನಿಸಿತು.

ಇನ್ನೊಂದು ವಿಚಿತ್ರ ನಾನೇ ಕಣ್ಣಾರೆ ಕಂಡೆ. ಚಳಿಗಾಲದಲ್ಲಿ ನಮ್ಮ ಊರಿನವರೆಲ್ಲ ಸೇರಿ ಮರುಭೂಮಿಗೆ ಪಿಕ್‌ನಿಕ್ ಹೋಗಿದ್ದೆವು. ಕೋಳಿ ಸುಡುತ್ತ, ಹಾಡುತ್ತ ಎಲ್ಲರೂ ಮರಳಿನಲ್ಲಿ ಓಡಾಡುತ್ತಿದ್ದರೆ ಇವರು ಮಾತ್ರ ಗಾಡಿ ಬಂದ ಚಕ್ರದ ಗುರುತಿನ ಮೇಲೆ ಕುರ್ಚಿ ಹಾಕಿ ಕೂತಿದ್ದರು. ಊಟಕ್ಕೆ ಕರೆದರೂ ಬರಲಿಲ್ಲ, ತಟ್ಟೆಯನ್ನು ಅಲ್ಲಿಗೇ ತರಿಸಿಕೊಂಡರು. ಮಗುವೊಂದು ಚೆಂಡಿನ ಹಿಂದೆ ದೂರ ಓಡಿದಾಗ "ನಿಲ್ಲು! ಅಲ್ಲೇ ನಿಲ್ಲು!" ಎಂದು ಕಿರುಚಿದ ಅಬ್ಬರಕ್ಕೆ ಆ ಮಗು ಹೆದರಿ ಅತ್ತಿತು. ಅದರ ತಾಯಿ ಮುಖ ಸಿಂಡರಿಸಿದಳು. "ಎಂತ ಅಹಂಕಾರ ಇವರದ್ದು" ಎಂದರು ಹೆಂಗಸರು. ನಾನು ನನ್ನ ಲೆಕ್ಕಕ್ಕೆ ಇನ್ನೊಂದು ಸೇರಿಸಿಕೊಂಡೆ: ಮುಂಗೋಪಿ.

ಕೊನೆಗೆ ಹಾವೂ ಸಾಯದೆ ಕೋಲೂ ಮುರಿಯದೆ ಸತ್ಯ ತಿಳಿಯಲು ಒಂದು ಉಪಾಯ ಹೂಡಿದೆ. "ಈ ಸಲ ನಾನೂ ನಿಮ್ಮೊಟ್ಟಿಗೆ ಇಂಗ್ಲೆಂಡಿಗೆ ಬರಲಾ?" ಎಂದು ಕೇಳಿದೆ. ಅವರು ತಡವರಿಸಬೇಕಿತ್ತು, ನೆಪ ಹೇಳಬೇಕಿತ್ತು. ಬದಲಿಗೆ, "ಬಾ ಮಾರಾಯ. ದಪ್ಪದ ಸಾಕ್ಸ್ ತಕ್ಕೋ" ಎಂದರು. ಇಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ನನ್ನ ಸಂಶಯ ಇಮ್ಮಡಿಯಾಯಿತು.

ವೀಸಾ ಆಯಿತು, ಹೋದೆವು. ವಿಮಾನ, ರೈಲು, ಆಮೇಲೆ ಹಳ್ಳಿಯ ಬಸ್ಸು. ಇಳಿದುಕೊಂಡ ಮನೆಯ ಬಾಗಿಲು ತೆಗೆದದ್ದು ಒಬ್ಬ ಹೆಂಗಸು. ಇವರನ್ನು ನೋಡಿದ್ದೇ ಮುಖವೆಲ್ಲ ನಗು. "ನಿಮ್ಮ ಕೋಲು ಬಾಗಿಲ ಹಿಂದೆಯೇ ಇದೆ" ಎಂದಳು. ಅವಳ ನಾಯಿಗೂ ಇವರ ಗುರುತಿತ್ತು. ಸಿಕ್ಕಿಬಿದ್ದೆಯಾ ಎಂದುಕೊಂಡೆ. ಆದರೆ ಹಿಂದಿನಿಂದ ಅವಳ ಗಂಡ ಬಂದ, ಮೊಮ್ಮಕ್ಕಳು ಬಂದರು, ಅವಳಿಗೆ ನಮ್ಮ ಅಮ್ಮನಿಗಿಂತ ಹೆಚ್ಚು ವಯಸ್ಸಾಗಿತ್ತು. ಬಾಡಿಗೆಗೆ ಕೋಣೆ ಕೊಡುವ ಮನೆ ಅದು, ಅಷ್ಟೇ.

ಮರುದಿನ ಬೆಳಿಗ್ಗೆ ಗುಡ್ಡಕ್ಕೆ ಹೊರಟೆವು. ಯಾರದೋ ಹುಲ್ಲುಗಾವಲಿನ ಕಲ್ಲುಗೋಡೆಯನ್ನು ಮೆಟ್ಟಿಲು ಹತ್ತಿ ದಾಟಿದೆವು. ಎದುರಿನಿಂದ ಒಬ್ಬ ರೈತ ಬರುತ್ತಿದ್ದ. ಅಭ್ಯಾಸ ನೋಡಿ, ನನ್ನ ಕೈ ತಾನಾಗಿ ಜೇಬಿಗೆ ಹೋಗಿ, ಕುವೈತಿನಲ್ಲಿ ಪೊಲೀಸರು ಕೇಳಿದಾಗಲೆಲ್ಲ ತೋರಿಸುವ ಸಿವಿಲ್ ಐಡಿ ಕಾರ್ಡು ಹೊರಗೆ ತೆಗೆದಿತ್ತು! ರೈತ ಕಾರ್ಡನ್ನೂ ನನ್ನನ್ನೂ ನೋಡಿ, ಒಳ್ಳೆಯ ದಿನ ಎಂದು ಹೇಳಿ ಹೋದ. ಭಾವ ಗೋಡೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಕುವೈತಿನಲ್ಲಿ ನೋಡಿರಲಿಲ್ಲ.

ಮೂರ್ ಎನ್ನುತ್ತಾರೆ ಅಂಥ ಬೋಳು ಗುಡ್ಡಕ್ಕೆ ಅಲ್ಲಿನವರು. ಒಂದು ಮರವಿಲ್ಲ. ಕಣ್ಣು ಹೋದಷ್ಟು ದೂರ ಮೊಣಕಾಲೆತ್ತರದ ಪೊದೆ, ಅದರ ತುಂಬ ನೇರಳೆ ಹೂವು, ನಡುವೆ ಕುರಿಗಳು ನಡೆದು ಮಾಡಿದ ದಾರಿ. ತುದಿಯಲ್ಲಿ ಹತ್ತಿದವರು ಪೇರಿಸಿಟ್ಟ ಕಲ್ಲಿನ ರಾಶಿ. ನಾವು ಮುಟ್ಟಿದಾಗ ಮಂಜು ಕವಿದಿತ್ತು. ಭಾವ ಕಲ್ಲಿಗೆ ಒರಗಿ ಕೂತು ಮತ್ತೆ ಮತ್ತೆ ವಾಚು ನೋಡತೊಡಗಿದರು. ಓಹೋ, ಯಾರೋ ಬರಲಿಕ್ಕಿದ್ದಾರೆ! ನಾನು ಉಸಿರು ಬಿಗಿಹಿಡಿದು ಮಂಜಿನೊಳಗೆ ಕಣ್ಣು ನೆಟ್ಟೆ. ಯಾರೂ ಬರಲಿಲ್ಲ. ಮಂಜು ಸರಿಯಿತು. ಕೆಳಗೆ ಬೆಟ್ಟದ ಹಿಂದೆ ಬೆಟ್ಟ, ಒಂದರ ಮೇಲೆ ಬಿಸಿಲು, ಪಕ್ಕದ್ದರ ಮೇಲೆ ಮೋಡದ ನೆರಳು. "ಇದಕ್ಕೇ ಕಾದದ್ದು" ಎಂದರು ಭಾವ.

ಇಳಿಯುವಾಗ ಅವರು ದಾರಿ ಬಿಟ್ಟರು. ಚಕ್ರದ ಗುರುತು ಬಿಟ್ಟು ಕಾಲಿಡದ ಮನುಷ್ಯ ಪೊದೆಯ ನಡುವೆ ತಲೆ ಎತ್ತಿಕೊಂಡು, ನೆಲ ನೋಡದೆ ದಡದಡ ನಡೆದರು. ಇದ್ದಕ್ಕಿದ್ದಂತೆ ಒಂದು ಕಾಲು ತೊಡೆಯವರೆಗೆ ಹೂತುಹೋಯಿತು. ನಾನು ಬೊಬ್ಬೆ ಹೊಡೆದು ಓಡಿದೆ. ನೋಡಿದರೆ ಅವರು ಹೂತಲ್ಲೇ ನಗುತ್ತಿದ್ದಾರೆ!

"ಬರೀ ಕೆಸರು ಮಾರಾಯ! ಅಡಿಯಲ್ಲಿ ಏನೂ ಇಲ್ಲ!"

ಎಳೆದು ಹೊರತೆಗೆದ ಮೇಲೆ, ಬೂಟಿನಿಂದ ನೀರು ಸುರಿಯುತ್ತ ಅವರು ಹೇಳಿದರು. ಕುವೈತಿನಲ್ಲಿ ಯುದ್ಧ ಮುಗಿದ ಹೊಸತರಲ್ಲಿ, ಮರಳಿನಲ್ಲಿ ಹುಗಿದ, ಕಾಲಿಟ್ಟರೆ ಸಿಡಿಯುವ ಮೈನುಗಳನ್ನು ತೆಗೆಯುವ ಗುತ್ತಿಗೆಯವರ ಕ್ಯಾಂಪಿನಲ್ಲಿ ಅವರು ಸ್ಟೋರ್ ಕೀಪರ್. ಜೊತೆಯಲ್ಲಿ ಒಂದೇ ಡೇರೆಯಲ್ಲಿ ಮಲಗುತ್ತಿದ್ದ ಡ್ರೈವರ್ ಒಂದು ದಿನ ಗಾಡಿ ನಿಲ್ಲಿಸಿ ಮೂತ್ರಕ್ಕೆ ಇಳಿದ.

"ಎಲ್ಲಿ ಹೋಗಲಿ ಅಂತ ಕೇಳಿದ. ಆ ಕಡೆ ಹೋಗು, ಅಲ್ಲಿ ಕ್ಲೀನ್ ಆಗಿದೆ ಅಂತ ಹೇಳಿದ್ದು ನಾನೇ. ಆಗಿರಲಿಲ್ಲ."

ಡ್ರೈವರ್ ಉಳಿಯಲಿಲ್ಲ. ಆಮೇಲೆ ಇವರಿಗೆ ನೆಲದ ಮೇಲೆ ನಂಬಿಕೆ ಹೋಯಿತು. ಡಾಮರು ಬಿಟ್ಟು ಕೆಳಗೆ ಇಳಿಯಲಾಗುತ್ತಿರಲಿಲ್ಲ, ಊರಿನ ಗದ್ದೆಯಲ್ಲೂ. ಕ್ಯಾಂಪಿನಲ್ಲಿದ್ದ ಇಂಗ್ಲೆಂಡಿನ ಮೇಸ್ತ್ರಿಯೊಬ್ಬ ರಜೆಯಲ್ಲಿ ಒತ್ತಾಯ ಮಾಡಿ ತನ್ನೂರಿನ ಈ ಗುಡ್ಡಕ್ಕೆ ಕರೆತಂದನಂತೆ. ಮೊದಲ ದಿನ ಅವನ ಹೆಜ್ಜೆಯ ಮೇಲೆಯೇ ಹೆಜ್ಜೆ ಇಟ್ಟು ನಡೆದರಂತೆ. ವಾಪಸು ಹೊರಡುವ ದಿನ ಒಬ್ಬರೇ ಹತ್ತಿ ಇಳಿದರಂತೆ.

"ನೀನು ಯಾಕೆ ಬಂದದ್ದು ಅಂತ ನನಗೆ ಗೊತ್ತುಂಟು" ಎಂದರು ಭಾವ. "ಒಳ್ಳೆಯದು ಮಾಡಿದೆ. ನೋಡದೆ ಕಾಲಿಡಬಾರದು. ಇದನ್ನೆಲ್ಲ ನಿನ್ನ ಅಕ್ಕನಿಗೆ ಹೇಳು. ಬೇಡ ಅಂದರೆ ನನಗೆ ಬೇಸರ ಇಲ್ಲ."

ಬೇಸರ ಇಲ್ಲ ಎಂದದ್ದು ಸುಳ್ಳು. ಅವರ ಬಾಯಿಂದ ನಾನು ಹಿಡಿದ ಸುಳ್ಳು ಅದೊಂದೇ.

ಕುವೈತಿಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಪಿಕ್‌ನಿಕ್ಕಿನ ಮಗುವಿನ ಕಥೆಯನ್ನು ಮಾತ್ರ ಎರಡನೇ ಸಲ ಕೇಳಿದಳು. ಆಮೇಲೆ, "ಆ ಮಗುವಿನ ತಾಯಿಗೆ ಯಾರಾದರೂ ಹೇಳಿದ್ದೀರಾ ಇದನ್ನು?" ಎಂದಳು. ಇಲ್ಲವೆಂದೆ. "ನಾನು ಹೇಳುತ್ತೇನೆ" ಎಂದಳು. ಮದುವೆಗೆ ಒಪ್ಪಿಗೆ ಕೊಟ್ಟದ್ದು ಹಾಗೆ.

ಆಸ್ಪತ್ರೆಯ ಅಭ್ಯಾಸದಿಂದ ಚಮಚವನ್ನೂ ಕುದಿಸಿ ಇಡುವ ನನ್ನ ಅಕ್ಕ ಆ ಬೂಟುಗಳನ್ನು ಒಂದು ದಿನವೂ ತೊಳೆಯಲಿಲ್ಲ. ಪ್ರತಿ ಬೇಸಿಗೆ ಇಬ್ಬರೂ ಹೋಗಿ ಹೊಸ ಕೆಸರು ಮೆತ್ತಿಕೊಂಡು ಬರುತ್ತಿದ್ದರು. ಸ್ಟ್ಯಾಂಡಿನಲ್ಲಿ ಎರಡು ಜೊತೆ ಬೂಟುಗಳಾದವು. ಅಕ್ಕ ನಗಲು ಶುರು ಮಾಡಿದ್ದಳು. ನನಗೆ ಅದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲ. ಆ ನಗುವಿನ ಋಣ ನನ್ನ ಮೇಲೆ ಇವತ್ತಿಗೂ ಇದೆ.

ಹೀಗೇ ವರ್ಷಗಳು ಕಳೆದು ಭಾವನ ನಿವೃತ್ತಿ ಹತ್ತಿರವಾಗಿತ್ತು. ಒಂದು ಬೆಳಿಗ್ಗೆ ಆಫೀಸಿನಲ್ಲಿ ಎದೆನೋವೆಂದು ಕೂತವರು ಏಳಲಿಲ್ಲ. ದೇಹವನ್ನು ಊರಿಗೆ ಕಳಿಸುವ ಕಾಗದಪತ್ರ ಮುಗಿಸಿ, ಅಕ್ಕನನ್ನು ಕರೆದುಕೊಂಡು ನಾನೂ ಹೋದೆ. ಇಗರ್ಜಿಯ ಪಕ್ಕದ ಸಿಮೆಟ್ರಿಯಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ಎಲ್ಲರೂ ಒಂದೊಂದು ಹಿಡಿ ಕೆಂಪು ಮಣ್ಣು ಹಾಕಿದರು. ಅಕ್ಕನ ಸರದಿ ಬಂದಾಗ ಅವಳು ಬಗ್ಗಲಿಲ್ಲ. ಬ್ಯಾಗಿನಿಂದ ಮಾತ್ರೆ ಹಾಕಿಕೊಡುವ ಸಣ್ಣ ಕವರೊಂದನ್ನು ತೆಗೆದು, ಅದರೊಳಗಿನ ಕಪ್ಪು ಪುಡಿಯನ್ನು ಗುಂಡಿಗೆ ಸುರಿದಳು.

ದೊಡ್ಡಮ್ಮ ನನ್ನ ಮೊಣಕೈ ತಿವಿದರು. ಅವರ ಕಣ್ಣಿನಲ್ಲಿ ನನಗೆ ಚೆನ್ನಾಗಿ ಪರಿಚಯವಿದ್ದ ಸಂಶಯ.

"ಅದೆಂತದು ಮಗಾ, ಕಪ್ಪು ಕಪ್ಪು? ಯಾರಾದರೂ ಮಂತ್ರಿಸಿ ಕೊಟ್ಟದ್ದಾ?"

"ಬರೀ ಕೆಸರು, ದೊಡ್ಡಮ್ಮ" ಎಂದೆ. "ನಾನೇ ಹೋಗಿ ನೋಡಿ ಬಂದಿದ್ದೇನೆ. ಅಡಿಯಲ್ಲಿ ಏನೂ ಇಲ್ಲ."