ಹಿಡ್ಕೊಳ್ಳಿ, ಬಿಡಿ

ಊರಿನವರು ಅವನನ್ನು ಕರೆಯುವುದು ‘ಒಂದ್ನಿಮಿಷ’ ಎಂದು. ಕ್ಯಾಮೆರಾ ಕೈಗೆತ್ತಿಕೊಂಡನೆಂದರೆ ಮೊದಲು ಬಾಯಿಂದ ಉದುರುವ ಮಾತು ಅದೇ. ಒಂದ್ನಿಮಿಷ, ಗಲ್ಲ ಸ್ವಲ್ಪ ಕೆಳಗೆ. ಒಂದ್ನಿಮಿಷ, ಕಾಲರ್ ಸರಿ ಮಾಡ್ಕೊಳ್ಳಿ. ಅವನ ಒಂದು ನಿಮಿಷ ಗಡಿಯಾರದಲ್ಲಿ ಏಳೆಂಟಕ್ಕೆ ಕಡಿಮೆಯಿಲ್ಲ ಎಂಬುದು ಬೇರೆ ಮಾತು. ವಯಸ್ಸು ಐವತ್ತೆರಡು. ಕೀಲಿ ಮಾಡುವವನ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಅವನ ಸ್ಟುಡಿಯೋ. ಒಳಗೆ ಒಂದು ಸ್ಟೂಲು, ಬೆಳಕು ಹರಡಲು ಎರಡು ಬಿಳಿ ಕೊಡೆ, ಗೋಡೆಗೊಂದು ಕನ್ನಡಿ, ಕನ್ನಡಿಯ ಮೊಳೆಗೆ ದಾರ ಕಟ್ಟಿ ನೇತುಹಾಕಿದ ಬಾಚಣಿಗೆ. ದಾರ ಕಟ್ಟುವುದಕ್ಕೆ ಮುಂಚೆ ಮೂರು ಬಾಚಣಿಗೆಗಳು ಗಿರಾಕಿಗಳ ಜೇಬು ಸೇರಿದ್ದವು. ಸ್ಟೂಲಿನ ಹಿಂದೆ ನೀಲಿ ಪರದೆ. ಅದನ್ನು ಹೊಲಿದುಕೊಟ್ಟವಳು ಅವನ ಅಕ್ಕ.

ಅವನ ಹೊಟ್ಟೆ ತುಂಬಿಸುವುದು ಪಾಸ್‌ಪೋರ್ಟ್ ಸೈಜಿನ ಫೋಟೋ. ಹೆಸರು ತಂದುಕೊಟ್ಟದ್ದು ಮಾತ್ರ ಹಂಚುವ ಸಮಾರಂಭಗಳು. ಕನ್ನಡಕ ಹಂಚಲಿ, ಕಂಬಳಿ ಹಂಚಲಿ, ಶಾಲೆಯ ಚೀಲವೋ ಗಾಲಿಕುರ್ಚಿಯೋ, ಯಾವ ಪಕ್ಷದವರೇ ಹಂಚಲಿ, ವೇದಿಕೆಯ ಮುಂದೆ ಒಂದು ಕಣ್ಣು ಮುಚ್ಚಿಕೊಂಡು ನಿಂತಿರುವವನು ಇವನೇ. ಈ ಕೆಲಸಕ್ಕೆ ಅವನು ಇಟ್ಟುಕೊಂಡಿರುವುದು ಎರಡೇ ಮಾತು. ಕೊಡುವವರು ತೆಗೆದುಕೊಳ್ಳುವವರು ಇಬ್ಬರೂ ಸಾಮಾನಿಗೆ ಕೈ ಹಚ್ಚಿದಾಗ “ಹಿಡ್ಕೊಳ್ಳಿ” ಎನ್ನುತ್ತಾನೆ. ಇಬ್ಬರೂ ಹಿಡಿದುಕೊಂಡು ಅವನತ್ತ ನೋಡುತ್ತಾರೆ. ಬೆಳಕು ಮಿಂಚಿದ ಮೇಲೆ “ಬಿಡಿ” ಎನ್ನುತ್ತಾನೆ. ಯಾರು ಬಿಡಬೇಕು ಎಂಬುದಕ್ಕೂ ಕ್ರಮವಿದೆ. ಸಾಮಾನು ಚಿಕ್ಕದಾದರೆ ಕೊಡುವವರು ಬಿಡಬೇಕು, ತೆಗೆದುಕೊಂಡವರು ಎತ್ತಿಕೊಂಡು ಹೋಗುತ್ತಾರೆ. ದೊಡ್ಡದಾದರೆ ತೆಗೆದುಕೊಳ್ಳುವವರು ಬಿಡಬೇಕು. ಏಕೆಂದರೆ ಆಗ ವೇದಿಕೆಯ ಮೇಲಿರುವುದು ಬರೀ ಖಾಲಿ ಪೆಟ್ಟಿಗೆ, ಎಲ್ಲರ ಫೋಟೋಕ್ಕೂ ಅದೊಂದೇ. ನಿಜವಾದ ಸಾಮಾನು ಹಿಂದಿನ ಟೆಂಪೋದಲ್ಲಿರುತ್ತದೆ, ಚೀಟಿ ತೋರಿಸಿ ಇಳಿಸಿಕೊಳ್ಳಬೇಕು. ಇಪ್ಪತ್ತೆರಡು ವರ್ಷದಲ್ಲಿ ಈ ಕ್ರಮ ಒಮ್ಮೆಯೂ ತಪ್ಪಿರಲಿಲ್ಲ.

ಕೆಲಸ ಇಷ್ಟು ಸಲೀಸು, ತಲೆ ಮಾತ್ರ ಯಾವಾಗಲೂ ಗೋಜಲು. ಈಗಿನ ವಾರ್ಡ್ ಮೆಂಬರು, ಹಳೆಯ ಮೆಂಬರು ಇಬ್ಬರ ಫೋಟೋಗಳೂ ಅವನ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಮಲಗಿವೆ. ಅದೇ ಸಭಾಂಗಣ, ಅದೇ ಹೂಕುಂಡ, ಅದೇ ನಗು. ಚುನಾವಣೆ ಬಂದಾಗಲೆಲ್ಲ ಅವನಿಗೆ ದಿಕ್ಕೇ ತೋಚುವುದಿಲ್ಲ. “ನಾನೇ ನಗಿಸಿದ ಮುಖ ನೋಡಿ ನಾನೇ ಹೆಂಗೆ ಓಟು ಹಾಕ್ಲಿ?” ಎಂದು ಹೆಂಡತಿಯನ್ನು ಕೇಳುತ್ತಾನೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಆಕೆ, “ನಗದೇ ಇರೋರು ಯಾರಾದ್ರೂ ನಿಂತಿದ್ರೆ ಅವ್ರಿಗೆ ಹಾಕಿ” ಎಂದು ಹೇಳಿ ಡಬ್ಬಿ ಕಟ್ಟಿಕೊಂಡು ಹೊರಟುಬಿಡುತ್ತಾಳೆ.

ಫೋಟೋಕ್ಕಾಗಿ ಕೊಟ್ಟದ್ದು ಕೊಟ್ಟ ಲೆಕ್ಕವೇ ಎಂಬುದು ಅವನ ಇನ್ನೊಂದು ಗೋಜಲು. ಅಲ್ಲ ಎಂದುಕೊಳ್ಳಲು ಹೊರಟರೆ ತರಕಾರಿ ಮಾರುವ ಮುದುಕಿ ಎದುರಿಗೆ ಬರುತ್ತಾಳೆ. ಮೂರು ವರ್ಷದ ಹಿಂದೆ ವೇದಿಕೆಯ ಮೇಲೆ ಹಿಡಿದುಕೊಂಡ ಕನ್ನಡಕ ಈಗಲೂ ಅವಳ ಮೂಗಿನ ಮೇಲಿದೆ. ಅದರಿಂದಲೇ ಅವಳು ತಕ್ಕಡಿಯ ಮುಳ್ಳು ನೋಡುತ್ತಾಳೆ. ಹೌದು ಎಂದುಕೊಳ್ಳಲು ಹೊರಟರೆ ತಾನೇ ತೆಗೆದ ಫೋಟೋಗಳು ನೆನಪಾಗಿ ಮೈ ಹಿಡಿಯಾಗುತ್ತದೆ. ಯಾಕೆ ಹಿಡಿಯಾಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅದನ್ನು ಹೇಳಿಕೊಟ್ಟವಳು ಅಕ್ಕ.

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಎತ್ತಿ ಆಡಿಸಿದವಳು, ತಲೆ ಬಾಚಿ ಶಾಲೆಗೆ ಕಳಿಸಿದವಳು. ಅವನ ಮನೆಯ ಹಿಂದಿನ ಕೋಣೆಯಲ್ಲಿ ಅವಳ ವಾಸ, ಅಲ್ಲೇ ಹೊಲಿಗೆ. ಕಾಲಲ್ಲಿ ತುಳಿಯುವ ಹಳೆಯ ಮಿಷನ್ನು, ಕಿಟಕಿಯ ಪಕ್ಕ ಕತ್ತರಿ, ಗುಂಡಿಗಳ ಡಬ್ಬಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅಳತೆಗಳು. ನಾಲಿಗೆಯೂ ಅವಳ ಕತ್ತರಿಯಷ್ಟೇ ಹರಿತ. ಈ ವರ್ಷ ಬಲಗಾಲಿನ ಮಂಡಿ ಊದಿಕೊಂಡಿತು. ಡಾಕ್ಟರು ಮಂಡಿಯನ್ನು ಒತ್ತಿ ನೋಡಿ, “ಇನ್ನು ತುಳಿಯೋ ಹಾಗಿಲ್ಲಮ್ಮ. ಮೋಟರ್ ಮಿಷನ್ ಆದ್ರೆ ಹೊಲೀರಿ, ಇಲ್ಲಾಂದ್ರೆ ಬಿಟ್ಬಿಡಿ” ಎಂದಿದ್ದರು. ಅಕ್ಕ ಹೊಲಿಗೆ ಬಿಡುವುದೆಂದರೆ ಉಸಿರು ಬಿಟ್ಟ ಹಾಗೆಯೇ. ಇಷ್ಟು ವರ್ಷವೂ ಅವಳು ಯಾರ ಮುಂದೆಯೂ ಕೈಚಾಚಿದವಳಲ್ಲ, ತಮ್ಮನ ಮುಂದೆಯೂ.

ಅಷ್ಟರಲ್ಲಿ ಮೆಂಬರ ಟ್ರಸ್ಟಿನಿಂದ ಇಪ್ಪತ್ತು ಮೋಟರ್ ಮಿಷನ್ ಹಂಚುತ್ತಾರೆಂದು ಸುದ್ದಿಯಾಯಿತು. ಒಂದ್ನಿಮಿಷ ಅಕ್ಕನ ಹೆಸರು ಬರೆದು ಅರ್ಜಿ ಹಾಕಿಯೇಬಿಟ್ಟ. ಆಮೇಲೆ ಅವಳಿಗೆ ಹೇಳಿದ.

“ಮಿಷನ್ ಬೇಕು, ಫೋಟೋ ಬೇಡ” ಎಂದಳು ಅಕ್ಕ.

ಅವನು ಮೆಂಬರನ್ನು ಕೇಳಿ ನೋಡಿದ. ಮೆಂಬರು ಕೆಟ್ಟ ಮನುಷ್ಯನೇನಲ್ಲ. “ಅಣ್ಣಾ, ನಿಮ್ಮಕ್ಕ ಅಂದ್ರೆ ನಮಗೂ ಅಕ್ಕನೇ. ಆದ್ರೆ ದುಡ್ಡು ಹಾಕಿದೋರು ಬೇರೆಯವ್ರು. ಇಪ್ಪತ್ತು ಮಿಷನ್‌ಗೆ ಇಪ್ಪತ್ತು ಫೋಟೋ ಕೇಳ್ತಾರೆ. ನಾನೇನು ಮಾಡ್ಲಿ ಹೇಳಿ” ಎಂದರು. ಅವರು ಹೇಳಿದ್ದೂ ನ್ಯಾಯವೇ ಅನ್ನಿಸಿತು. ಅಕ್ಕ ಹೇಳಿದ್ದಂತೂ ನ್ಯಾಯವೇ. ಎರಡು ನ್ಯಾಯಗಳ ನಡುವೆ ಅವನು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ಅವನ ಭುಜ ಹಿಡಿದುಕೊಂಡು ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಳು. “ಎಲ್ಲಿ, ನೀನು ತೆಗಿಯೋ ಫೋಟೋ ತೋರ್ಸು” ಎಂದಳು. ಅವನು ಕಂಪ್ಯೂಟರಿನಲ್ಲಿ ಒಂದೊಂದಾಗಿ ತೋರಿಸಿದ. ಕಂಬಳಿಯವರು, ಕನ್ನಡಕದವರು, ಚೀಲದವರು. ಹತ್ತಿಪ್ಪತ್ತು ನೋಡಿದ ಮೇಲೆ ಅಕ್ಕ ಕೇಳಿದಳು:

“ಇವ್ರು ಯಾರೂ ಕೊಡೋರ ಮುಖ ಯಾಕೆ ನೋಡಲ್ಲ?”

“ನಾನೇ ಇಲ್ಲಿ ನೋಡಿ ಅಂತೀನಲ್ಲಕ್ಕ.”

“ಅದಕ್ಕೇ ಮತ್ತೆ. ಎಲ್ರೂ ನಿನ್ನನ್ನೇ ಏನೋ ಕೇಳ್ತಾ ಇರೋ ಹಾಗಿದೆ.”

ಅವನು ಕಂಪ್ಯೂಟರಿನ ಪರದೆಯನ್ನೇ ನೋಡಿದ. ಹೌದು, ಎಲ್ಲರೂ ಅವನನ್ನೇ ಕೇಳುತ್ತಿದ್ದರು. ಇಷ್ಟು ವರ್ಷ ಬೆಳಕು, ನೆರಳು, ಕಾಲರ್ ಎಲ್ಲವನ್ನೂ ನೋಡಿದವನು ಇದೊಂದನ್ನು ನೋಡಿರಲಿಲ್ಲ. ಅಕ್ಕ ಮಂಡಿ ಉಜ್ಜಿಕೊಳ್ಳುತ್ತ ಎದ್ದಳು. “ಆಯ್ತು, ಬರ್ತೀನಿ. ತೆಗಿಯೋನು ನೀನೇ ತಾನೆ” ಎಂದಳು. ಅವನಿಗೆ ಸಮಾಧಾನವೂ ಆಯಿತು, ಸಂಕಟವೂ ಆಯಿತು. “ಚೀಟಿ ಕೊಡೋ ಟೇಬಲ್ಲು ಹಾಲ್‌ನ ಆ ಕಡೆ ತುದೀಲಿರತ್ತೆ, ಅಷ್ಟು ದೂರ ನೀನು ನಡಿಬೇಡ, ನಾನೇ ಇಸ್ಕೊಂಡು ಬರ್ತೀನಿ. ಫೋಟೋ ಆದ ತಕ್ಷಣ ನೀನು ಮನೆಗೆ ಹೋಗ್ಬಿಡು” ಎಂದ. ಈ ಮಾತನ್ನು ಅವನು ಹೇಳಿದ್ದು ನಿಜ. ಅಲ್ಲೇ ಮರೆತದ್ದೂ ಅಷ್ಟೇ ನಿಜ.

ಸಮಾರಂಭದ ಬೆಳಿಗ್ಗೆ ಅಕ್ಕನದು ಹನ್ನೊಂದನೆಯ ಸರದಿ. ಹತ್ತು ಜನ ಬಂದರು, ಖಾಲಿ ಪೆಟ್ಟಿಗೆ ಹಿಡಿದರು, ಬಿಟ್ಟರು, ಇಳಿದು ಟೇಬಲ್ಲಿನ ಹತ್ತಿರ ಚೀಟಿ ತೆಗೆದುಕೊಂಡರು. ಅಕ್ಕ ಬಂದಳು. ಮೂರು ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಹತ್ತಿದಳು. ಮೆಂಬರು ಪೆಟ್ಟಿಗೆ ಮುಂದೆ ಮಾಡಿದರು. ಅಕ್ಕ ಕೈ ಹಚ್ಚಿದಳು.

“ಹಿಡ್ಕೊಳ್ಳಿ” ಎಂದ ಒಂದ್ನಿಮಿಷ.

ಅಕ್ಕ ಅವನತ್ತ ನೋಡಿದಳು. ಕ್ಯಾಮೆರಾದ ಚೌಕದೊಳಗೆ ಅವಳ ಮುಖ ತುಂಬಿಕೊಂಡಿತು. ಅದು ಕೇಳುವ ಮುಖವಾಗಿತ್ತು. ಐವತ್ತೆರಡು ವರ್ಷದಲ್ಲಿ ಅಕ್ಕನ ಆ ಮುಖವನ್ನು ಅವನು ಕಂಡಿರಲಿಲ್ಲ. ಬೆರಳು ಗುಂಡಿಯ ಮೇಲೆ ಹಾಗೇ ನಿಂತುಬಿಟ್ಟಿತು. ಸಭೆಯಲ್ಲಿ ಯಾರೋ ಕೆಮ್ಮಿದರು. ಮೆಂಬರ ನಗು ಒಣಗತೊಡಗಿತು. ಏನಾದರೂ ಹೇಳಬೇಕಲ್ಲ ಎಂದು ಅವನು ಬಾಯಿ ತೆರೆದ. ರೂಢಿಯ ಮಾತೇ ಬಂತು, ಆದರೆ ಬೇರೆ ಬಟ್ಟೆ ಹಾಕಿಕೊಂಡು ಬಂತು.

“ಬಿಡಕ್ಕ.”

ಅಕ್ಕ ಬಿಟ್ಟಳು. ತಿರುಗಿದಳು, ಮೆಟ್ಟಿಲು ಇಳಿದಳು, ಚೀಟಿಯ ಟೇಬಲ್ಲಿನ ಕಡೆ ಕಣ್ಣೆತ್ತಿಯೂ ನೋಡದೆ ಬಾಗಿಲು ದಾಟಿ ಹೋದಳು. ಅವಳು ತಿರುಗಿದಾಗಲೇ ಅವನ ಬೆರಳು ಗುಂಡಿ ಒತ್ತಿತ್ತು. ಫೋಟೋದಲ್ಲಿ ಬಿದ್ದದ್ದು ಅಕ್ಕನ ಬೆನ್ನು, ಮತ್ತು ಯಾರಿಗೂ ಅಲ್ಲದ ಪೆಟ್ಟಿಗೆಯನ್ನು ಮುಂದೆ ಚಾಚಿಕೊಂಡು ನಿಂತ ಮೆಂಬರು.

ಮನೆಯಲ್ಲಿ ಅವನು ಈ ಮಾತನ್ನು ದಿನಕ್ಕೆ ನೂರು ಸಲ ಆಡುತ್ತಾನೆ. ಅಕ್ಕ ಬಕೆಟ್ ಎತ್ತಲು ಹೋದರೆ ಬಿಡಕ್ಕ, ಯಾರದೋ ಮಾತಿಗೆ ನೊಂದುಕೊಂಡರೆ ಬಿಡಕ್ಕ, ಹೋಗ್ಲಿ ಬಿಡಕ್ಕ. ಈಗ ತಾನು ಹೇಳಿದ್ದು ಯಾವ ಬಿಡಕ್ಕ? ಪೆಟ್ಟಿಗೆ ಬಿಡು ಎಂದೋ, ಇದೆಲ್ಲ ನಮಗೆ ಬೇಡ ಬಿಡು ಎಂದೋ? ಅವನಿಗೇ ತಿಳಿಯಲಿಲ್ಲ. ಅಕ್ಕನಿಗೆ ಮಾತ್ರ ತಿಳಿದಿದೆ, ಮಿಷನ್ನನ್ನೇ ಬಿಟ್ಟು ತಲೆಯೆತ್ತಿಕೊಂಡು ಹೋದಳು ಎಂದುಕೊಂಡ. ಎದೆ ಉಬ್ಬಿತು. ಮೆಂಬರು ಬಗ್ಗಿ, “ಏನಣ್ಣಾ ಆಯ್ತು?” ಎಂದಾಗ, “ನಮ್ಮಕ್ಕನಿಗೆ ಬೇಡ್ವಂತೆ ಸಾರ್” ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದ. ಪಟ್ಟಿ ಹಿಡಿದಿದ್ದವರು ಹೆಸರು ಹೊಡೆದುಹಾಕಿದರು. ಉಳಿದ ಒಂಬತ್ತು ಜನಕ್ಕೂ ಅವನು “ಬಿಡಿ” ಎನ್ನುವಾಗ ತಡವರಿಸಿದ.

ಮನೆಗೆ ಬಂದಾಗ ಅಕ್ಕನ ಕೋಣೆಯಲ್ಲಿ ಧೂಳೆದ್ದಿತ್ತು. ಹಳೆಯ ಮಿಷನ್ನು ಮೂಲೆ ಸೇರಿತ್ತು. ಕಿಟಕಿಯ ಪಕ್ಕದ ಜಾಗ ಗುಡಿಸಿ ಒರೆಸಿ ಖಾಲಿಯಾಗಿತ್ತು. ಗೋಡೆಯ ಪ್ಲಗ್ಗಿನಿಂದ ಅಲ್ಲಿಯವರೆಗೆ ಅಕ್ಕ ಟೇಪು ಹಿಡಿದು ಅಳೆಯುತ್ತಿದ್ದಳು.

“ವೈರು ಸಾಲತ್ತೆ” ಎಂದಳು. “ಚೀಟಿ ಎಲ್ಲಿ? ಟೆಂಪೋ ಯಾವಾಗ ಬರತ್ತಂತೆ?”

ಅವನು ಬಾಗಿಲಲ್ಲೇ ನಿಂತ. “ಅಕ್ಕ, ನೀನು... ಬಿಟ್ಟು ಬಂದ್ಯಲ್ಲ.”

“ನೀನೇ ತಾನೆ ಬಿಡು ಅಂದಿದ್ದು? ಎಲ್ರಿಗೂ ಅಂತಿದ್ದೆ, ನಂಗೂ ಅಂದೆ. ಫೋಟೋ ಆದ ತಕ್ಷಣ ಮನೆಗೆ ಹೋಗು ಅಂತಾನೂ ನೀನೇ ಹೇಳಿದ್ದೆ.” ಟೇಪನ್ನು ಸುತ್ತುತ್ತ ಅವಳು ಸಣ್ಣಗೆ ಕೇಳಿದಳು. “ಹೆಂಗೆ ಬಿದ್ದಿದೀನಿ? ಆ ಮುಖ ಮಾಡಕ್ಕೆ ರಾತ್ರಿಯೆಲ್ಲ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ ಕಣೋ.”

ಅವಳು ಬೇಡವೆಂದಿರಲಿಲ್ಲ. ಬೇಕೆಂದೇ ಹೋಗಿ ನಿಂತಿದ್ದಳು, ಕೇಳಿಯೂ ಆಗಿತ್ತು. ಬೇಡವೆಂದವನು ತಾನು, ಅದೂ ಅವಳ ಬಾಯಿಂದ. “ನಾಳೆ ಬರತ್ತಕ್ಕ” ಎಂದು ಸುಳ್ಳು ಹೇಳಿ ಮುಖ ತಪ್ಪಿಸಿಕೊಂಡ.

ಮರುದಿನ ಬೆಳಿಗ್ಗೆ ಕ್ಯಾಮೆರಾ ಇಲ್ಲದೆ ಮೆಂಬರ ಆಫೀಸಿಗೆ ಹೋದ. ಬರಿಗೈಯಲ್ಲಿ ಅಲ್ಲಿಗೆ ಹೋದದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯದೆ ಒಮ್ಮೆ ಜೇಬಿಗೆ ಹಾಕಿದ, ಒಮ್ಮೆ ಹಿಂದೆ ಕಟ್ಟಿಕೊಂಡ.

“ಅಕ್ಕನಿಗೆ ಬೇಡ ಅಂದಿದ್ರಲ್ಲ ಅಣ್ಣಾ?” ಎಂದರು ಮೆಂಬರು.

“ನಾನು ತಪ್ಪು ತಿಳ್ಕೊಂಡೆ ಸಾರ್.”

“ಯಾವುದನ್ನ?”

“ನಾನು ಹೇಳಿದ್ದನ್ನೇ.”

ಮೆಂಬರು ಅವನನ್ನೇ ನೋಡಿದರು. ಕೊಂಕು ಆಡುತ್ತಾರೇನೋ ಎಂದುಕೊಂಡರೆ ಆಡಲಿಲ್ಲ. ಮೂಲೆಯಲ್ಲಿ ಒಂದು ಪೆಟ್ಟಿಗೆ ಉಳಿದಿತ್ತು, ಅದನ್ನು ತೋರಿಸಿದರು. “ಕಾಯೋರ ಪಟ್ಟೀಲಿ ಮುಂದಿನ ಹೆಸರಿನವ್ರು ಇವತ್ತು ಬರ್ಬೇಕಿತ್ತು. ಪರ್ವಾಗಿಲ್ಲ, ಅವ್ರಿಗೆ ಹೇಳ್ತೀನಿ. ಆದ್ರೆ ಫೋಟೋ ಬೇಕಲ್ಲಣ್ಣಾ. ಅಕ್ಕನ್ನ ಇನ್ನೊಂದ್ಸಲ ಕರ್ಕೊಂಡು ಬರ್ತೀರಾ?”

“ಬೇಡ ಸಾರ್. ನಾನೇ ನಿಂತ್ಕೋತೀನಿ.”

ಮೆಂಬರ ಡ್ರೈವರು ಮೊಬೈಲು ತೆಗೆದ. ಮೆಂಬರೂ ಅವನೂ ಪೆಟ್ಟಿಗೆಯನ್ನು ಎತ್ತಿ ಹಿಡಿದರು. ಯಾವ ಕಡೆ ನಿಲ್ಲಬೇಕೆಂದು ಯಾರೂ ಹೇಳಬೇಕಾಗಲಿಲ್ಲ, ಅವನ ಕಾಲಿಗೆ ಆ ಜಾಗ ಗೊತ್ತಿತ್ತು. “ಒಂದ್ನಿಮಿಷ” ಎಂದ ಡ್ರೈವರು. “ಹಾಂ, ಇಲ್ನೋಡಿ.” ಅವನು ನೋಡಿದ. ತನ್ನ ಮುಖ ಈಗ ಹೇಗಿದೆ ಎಂದು ಅವನಿಗೆ ಗೊತ್ತಾಗಲಿಲ್ಲ. ಅಕ್ಕನದೇ ಮುಖ ಎಂದು ಮಾತ್ರ ಅನ್ನಿಸಿತು. ಡ್ರೈವರು ಒಂದು ತೆಗೆದ, ಎರಡು ತೆಗೆದ, ಆಮೇಲೆ ತಲೆ ತಗ್ಗಿಸಿ ಹೇಗೆ ಬಂದಿದೆಯೆಂದು ಮೊಬೈಲಿನಲ್ಲೇ ಮುಳುಗಿಬಿಟ್ಟ. ಬಿಡಿ ಎಂದು ಹೇಳುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಮೆಂಬರು ನಗುತ್ತ ಹಿಡಿದುಕೊಂಡೇ ಇದ್ದರು, ಅವನೂ ಹಿಡಿದುಕೊಂಡೇ ಇದ್ದ. ದೊಡ್ಡ ಸಾಮಾನಾದರೆ ತೆಗೆದುಕೊಳ್ಳುವವರು ಬಿಡಬೇಕು. ಅವನ ಕೈಗಳು ತಾವಾಗಿಯೇ ಸಡಿಲಾದವು. ತುಂಬಿದ ಪೆಟ್ಟಿಗೆ ಧಡಕ್ಕನೆ ವಾಲಿತು.

“ಅಣ್ಣಾ, ಬಿಡ್ಬೇಡಿ” ಎಂದರು ಮೆಂಬರು. “ಖಾಲಿ ಅಲ್ಲ ಇದು. ನಿಮ್ದೇ.”

ಅವನು ಎರಡೂ ಕೈಯಿಂದ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡ. ಕಣ್ಣು ತುಂಬಿಬಂತು. ನಾಚಿಕೆಗೋ ಸಮಾಧಾನಕ್ಕೋ ಅವನಿಗೇ ತಿಳಿಯಲಿಲ್ಲ, ಒರೆಸಿಕೊಳ್ಳೋಣವೆಂದರೆ ಕೈ ಖಾಲಿ ಇರಲಿಲ್ಲ. ಡ್ರೈವರು ಮೊಬೈಲಿನಿಂದ ತಲೆಯೆತ್ತಿದ.

“ಹಾಗೇ ಹಿಡ್ಕೊಂಡಿರಿ, ಇನ್ನೊಂದು ತೆಗೀತೀನಿ” ಎಂದ. “ಇದ್ರಲ್ಲಿ ನಿಮ್ಮ ಕಣ್ಣು ಸರಿಯಾಗಿ ಬಿದ್ದಿಲ್ಲ.”