ಬಸ್ ನಿಲ್ದಾಣದ ಗೋಡೆಯ ಮೇಲೆ ಕೆಂಪು ಚುಕ್ಕೆ

ಬಸ್ ನಿಲ್ದಾಣದ ಹೊರಗೋಡೆಗೆ ಬೆನ್ನು ಕೊಟ್ಟು ಕೂತು ಬ್ಯಾಗಿನ ಜಿಪ್ಪು ರಿಪೇರಿ ಮಾಡುವ ಆಸಾಮಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಈಗ ಅದನ್ನು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುವುದಿಲ್ಲ. ಊರಿಗೆಲ್ಲ ಅವನು ಜಿಪ್ಪಣ್ಣ.

ಅವನ ಗಿರಾಕಿಗಳೆಲ್ಲ ಅವಸರದವರು. ಬಸ್ಸು ಹೊರಡಲು ಹಾರ್ನ್ ಹೊಡೆಯುತ್ತಿರುವಾಗಲೇ ಸೂಟ್‌ಕೇಸು ಬಾಯಿ ಬಿಟ್ಟವರು, ಪ್ಯಾಂಟಿನ ಜಿಪ್ಪು ಕೈಕೊಟ್ಟು ಮುಂದೆ ಫೈಲು ಅಡ್ಡ ಹಿಡಿದುಕೊಂಡು ಬರುವವರು. "ಸ್ವಲ್ಪ ಆ ಕಡೆ ತಿರುಗೇ" ಎಂದು ಜಿಪ್ಪಣ್ಣ ತನ್ನ ಹೆಂಡತಿಗೆ ಹೇಳಿ, ನಿಂತ ನಿಲುವಿನಲ್ಲೇ ಜಿಪ್ಪು ಎಳೆಯುವ ರನ್ನರು ಬದಲಿಸಿ, ಮಾನ ಉಳಿಸಿ ಕಳಿಸುತ್ತಾನೆ. ಹೆಂಡತಿ ಪಕ್ಕದಲ್ಲೇ ಕೂತು ಹರಿದ ಬ್ಯಾಗುಗಳ ಹಿಡಿಕೆ ಹೊಲಿಯುತ್ತಾಳೆ. ಮಾತು ಕಡಿಮೆ. ಮನೆಯಿಂದ ತಂದ ನೀರಿನ ಬಾಟಲಿಯನ್ನು ಖಾಲಿ ಮಾಡುವವನು ಇವನೊಬ್ಬನೇ.

"ನಮ್ಮನೆಯವಳಿಗೆ ಬೆಳಿಗ್ಗೆ ಒಂದು ಲೋಟ ನೀರು ಒಳಗೆ ಹೋದ್ರೆ ಸಂಜೆವರೆಗೂ ಬೇಡ. ಒಂಟೆ ಜಾತಿ" ಎಂದು ಗಿರಾಕಿಗಳ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಅವಳು ನಗುತ್ತಲೂ ಇರಲಿಲ್ಲ, ಇಲ್ಲವೆನ್ನುತ್ತಲೂ ಇರಲಿಲ್ಲ.

ಹೀಗಿರುವಾಗ ಜಿಲ್ಲಾ ಕಚೇರಿಯಿಂದ ಕರೆ ಬಂತು. ಜಿಲ್ಲೆ ಮುಂದೆ ಬರಬೇಕಾದರೆ ಎಲ್ಲರನ್ನೂ ಜೊತೆಗೆ ಕರೆದುಕೊಂಡೇ ಬರಬೇಕಂತೆ. ಬೀದಿಯಲ್ಲಿ ಕೂತು ದುಡಿಯುವವರನ್ನು ಕೇಳದೆ ಯೋಜನೆ ಬರೆಯಬಾರದೆಂದು ಮೇಲಿನಿಂದ ಆದೇಶವಂತೆ. ಇಷ್ಟು ವರ್ಷ "ಏಳು, ಏಳು" ಎನ್ನಲು ಮಾತ್ರ ಬರುತ್ತಿದ್ದ ಕಚೇರಿಯವರು ಇದ್ದಕ್ಕಿದ್ದಂತೆ "ಬನ್ನಿ, ಕೂತ್ಕೊಳ್ಳಿ" ಎಂದರೆ ಯಾರಿಗೆ ತಾನೇ ಗಾಬರಿಯಾಗುವುದಿಲ್ಲ?

ಸಭೆಯ ದಿನ ಹೆಂಡತಿ, ಅದೇ ಸಾಲಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಹಣ್ಣಿನಕ್ಕನ ಜೊತೆ ಮೊದಲೇ ಹೋದಳು. ಜಿಪ್ಪಣ್ಣನೂ ಎದ್ದಿದ್ದ. ಅಷ್ಟರಲ್ಲಿ ಬಸ್ಸಿಗೆ ಓಡುತ್ತಿದ್ದವನೊಬ್ಬ ಬಾಯಿ ಬಿಟ್ಟ ಬ್ಯಾಗನ್ನು ತಂದು ಮಡಿಲಿಗೇ ಹಾಕಿದ. ಅದನ್ನು ಮುಚ್ಚಿ ಕಳಿಸಿ ಸಭೆಗೆ ಹೋಗುವಷ್ಟರಲ್ಲಿ ಯೋಜನೆಯ ಮೇಡಂ ಹೇಳಬೇಕಾದ್ದೆಲ್ಲ ಹೇಳಿ ಮುಗಿಸಿದ್ದರು. ಮೇಜಿನ ಮೇಲೆ ಹೊದಿಕೆಯಷ್ಟಗಲ ಊರಿನ ನಕ್ಷೆ ಹಾಸಿತ್ತು. ಒಬ್ಬೊಬ್ಬರ ಕೈಯಲ್ಲೂ ಕೆಂಪು ಚುಕ್ಕೆಯಂಥ ಸ್ಟಿಕ್ಕರುಗಳಿದ್ದವು.

"ಏನಜ್ಜ ಮಾಡ್ಬೇಕು ಇದನ್ನ?" ಎಂದು ತನ್ನ ಸಾಲಿನಲ್ಲೇ ಕೂತು ಬೀಗ ರಿಪೇರಿ ಮಾಡುವ ಮುದುಕನನ್ನು ಕೇಳಿದ. ಬೀಗದಜ್ಜನಿಗೆ ಫ್ಯಾನಿನ ಗಾಳಿಗೆ ಒಳ್ಳೆಯ ನಿದ್ದೆ ಹತ್ತಿತ್ತು.

"ನಂಗೇನಪ್ಪ ಗೊತ್ತು. ಅಂಟಿಸ್ಬೇಕಂತೆ. ಎಲ್ಲಿಗೆ ಅಂತ ನೀನೇ ಹೇಳು."

ಗೊತ್ತಿಲ್ಲ ಎನ್ನುವ ಅಭ್ಯಾಸ ಜಿಪ್ಪಣ್ಣನಿಗೆ ಹುಟ್ಟಿದಾಗಿನಿಂದ ಇಲ್ಲ. "ಎಲ್ಲಿಗೆ ಅಂದ್ರೆ? ನಾವು ಕೂರೋ ಜಾಗಕ್ಕೆ. ನಾವು ಇಲ್ಲೇ ಇದೀವಿ ಅಂತ ಅವರಿಗೂ ಗೊತ್ತಾಗ್ಬೇಡ್ವಾ?" ಎಂದ. ನಕ್ಷೆಯಲ್ಲಿ ಬಸ್ ನಿಲ್ದಾಣದ ಗೋಡೆ ಹುಡುಕಿದರೆ ಅಲ್ಲಿ ಆಗಲೇ ಕೆಲವು ಚುಕ್ಕೆಗಳಿದ್ದವು. ಯಾರೋ ಜಾಣರು ಎಂದುಕೊಂಡು ತನ್ನವನ್ನೂ ಒತ್ತಿದ. ಅಜ್ಜ ಒತ್ತಿದ, ಛತ್ರಿ ರಿಪೇರಿಯವನು ಒತ್ತಿದ. ಕೊನೆಗೆ ಆ ಗೋಡೆಗೆ ದಡಾರ ಎದ್ದಂತಾಯಿತು.

ಎರಡನೇ ಸಭೆಯಲ್ಲಿ ಮೇಡಂ ಒಂದು ಚಿತ್ರ ತೋರಿಸಿದರು. ಗೋಡೆಯಿದ್ದ ಕಡೆ ಮಹಡಿ ಮೇಲೆ ಮಹಡಿಯ ಕಟ್ಟಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಜಿಪ್ಪಣ್ಣನೇ.

"ಮೊದಲು ಯಾವ ಜಾಗ ಬದಲಾಗ್ಬೇಕು ಅಂತ ನಿಮ್ಮನ್ನೇ ಕೇಳಿದ್ವಿ. ಇಷ್ಟು ಚುಕ್ಕೆ ಇಡೀ ಜಿಲ್ಲೇಲಿ ಇನ್ನೆಲ್ಲೂ ಬಿದ್ದಿಲ್ಲ" ಎಂದರು ಮೇಡಂ. ಅವರ ಕಣ್ಣು ತೇವವಾಗಿತ್ತು. ಒಳ್ಳೆಯ ಹೆಣ್ಣುಮಗಳು, ಪಾಪ.

ಜಿಪ್ಪಣ್ಣನ ಕೈ ತಟ್ಟುತ್ತಿದ್ದಲ್ಲೇ ನಿಂತಿತು. "ಇದರಲ್ಲಿ ನಾನೆಲ್ಲಿ ಮೇಡಂ?"

"ಎರಡನೇ ಮಹಡೀಲಿ. ಫ್ಯಾನು, ಲೈಟು, ಬೀಗ ಹಾಕೋ ಬಾಗಿಲು, ಎಲ್ಲಾ ಇರುತ್ತೆ. ಕೆಳಗೆ ಟಿಕೆಟ್ ಕೌಂಟರು. ಆಕ್ಷೇಪಣೆ ಇದ್ರೆ ಮುಂದಿನ ವಾರ ಬಂದು ಹೇಳಿ."

ಆ ವಾರವೆಲ್ಲ ಅವನಿಗೆ ತಲೆ ಚಿಟ್ಟು ಹಿಡಿದುಹೋಯಿತು. ಫ್ಯಾನು ಬೇಡವೆನ್ನಲು ಅವನೇನು ಹುಚ್ಚನೇ? ಆದರೆ ಪ್ಯಾಂಟಿಗೆ ಫೈಲು ಅಡ್ಡ ಹಿಡಿದವನು ಎರಡು ಮಹಡಿ ಹತ್ತುತ್ತಾನೆಯೇ? ಬಸ್ಸು ಹಾರ್ನ್ ಹೊಡೆಯುವಾಗ ಸೂಟ್‌ಕೇಸು ಹೊತ್ತು ಮೆಟ್ಟಿಲು ಯಾರು ಏರುತ್ತಾರೆ? ಅನ್ನ ಕೊಟ್ಟ ಗೋಡೆಯನ್ನು ಕೆಡವಲು ತಾನೇ ಗುರುತು ಹಾಕಿ ಕೊಟ್ಟಿದ್ದ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡದ್ದು ಸಾಲದೆಂದು ಅಜ್ಜನ ಕಾಲ ಮೇಲೂ ಹಾಕಿದ್ದ. "ಅಂಟಿಸು ಅಂದೋನು ನೀನೇ ಅಲ್ವೇನಪ್ಪ" ಎಂದು ಅಜ್ಜ ದಿನಕ್ಕೊಮ್ಮೆ ನೆನಪಿಸುತ್ತಿದ್ದ.

"ತಪ್ಪಾಯ್ತು ಅಂತ ಹೋಗಿ ಹೇಳ್ಬಿಡ್ತೀನಿ ಕಣೇ" ಎಂದ ಹೆಂಡತಿಗೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದವಳು, "ನಾನೂ ಬರ್ತೀನಿ" ಎಂದಳು. ಅವನಿಗೆ ಧೈರ್ಯ ಬಂತು.

ಮೇಡಂ ಎದುರು ನಿಂತು ಜಿಪ್ಪಣ್ಣ ನಡೆದದ್ದನ್ನೆಲ್ಲ ಒಪ್ಪಿಸಿದ. "ಜಾಗ ಉಳೀಲಿ ಅಂತ ಅಂಟಿಸಿದ್ದು ಮೇಡಂ, ಹೋಗ್ಲಿ ಅಂತಲ್ಲ. ಆ ಚುಕ್ಕೆ ಎಲ್ಲಾ ಲೆಕ್ಕಕ್ಕಿಲ್ಲ ಅಂದ್ಕೊಳ್ಳಿ."

"ಎಲ್ಲಾ ಅಲ್ಲ" ಎಂದಳು ಹೆಂಡತಿ.

ಅವನು ತಿರುಗಿ ನೋಡಿದ.

"ನಾನು ಮೊದಲೇ ಬಂದಿದ್ದೆ. ಮೇಡಂ ಹೇಳಿದ್ದು ಪೂರ್ತಿ ಕೇಳಿಸ್ಕೊಂಡೇ ಅಂಟಿಸಿದ್ದು. ಹಣ್ಣಿನಕ್ಕನೂ ಅಷ್ಟೇ. ಅಲ್ಲಿ ಹೆಂಗಸರಿಗೆ ಒಂದು ಕಕ್ಕಸಿಲ್ಲ."

ಜಿಪ್ಪಣ್ಣ ತಬ್ಬಿಬ್ಬಾದ. ಅವನಾದರೆ ಇಷ್ಟು ವರ್ಷ ಗೋಡೆಯ ಹಿಂದಕ್ಕೆ ಹೋಗಿಬರುತ್ತಿದ್ದ. "ಹಾಗಾದ್ರೆ ಅದೊಂದನ್ನೇ ಕಟ್ಟಿಸಿಕೊಡಿ" ಎಂದು ಮೇಡಂಗೆ ಗೋಗರೆದ.

"ಅದೊಂದಕ್ಕೇ ಅಂತ ಮಂಜೂರಾಗಲ್ಲ. ಬಂದ್ರೆ ಕಟ್ಟಡದ ಜೊತೆಗೇ" ಎಂದ ಮೇಡಂ ಇಬ್ಬರ ಮುಖವನ್ನೂ ನೋಡಿದರು. "ಈಗ ನಾನೇನು ಬರ್ಕೊಳ್ಳಲಿ? ಕಟ್ಟಡ ಬೇಕೋ, ಬೇಡ್ವೋ?"

"ಬೇಡ" ಎಂದ ಅವನು. ಅದೇ ಗಳಿಗೆಗೆ ಅವಳು "ಬೇಕು" ಎಂದಳು.

ನಕ್ಷೆಯನ್ನು ಅಲ್ಲೇ ಕಚೇರಿಯ ಗೋಡೆಗೆ ತೂಗುಹಾಕಿದ್ದರು. ಜಿಪ್ಪಣ್ಣ ಹತ್ತಿರ ಹೋಗಿ ನೋಡಿದ. ಯಾವುದು ತನ್ನದು, ಯಾವುದು ಅವಳದು ಎಂದು ಹೇಳುವಂತಿರಲಿಲ್ಲ. ಎಲ್ಲವೂ ಒಂದೇ ಕೆಂಪು.

ಇಬ್ಬರೂ ನಿಲ್ದಾಣದ ಗೋಡೆಯ ಬುಡಕ್ಕೆ ವಾಪಸು ಬಂದರು. ಕೂತ ಮೇಲೆ ಅವನೇ ಕೇಳಿದ. "ಅಲ್ವೇ, ಇಷ್ಟು ದಿನ ಮತ್ತೆ ಎಲ್ಲಿಗೆ ಹೋಗ್ತಿದ್ದೆ?"

"ಎಲ್ಲಿಗೂ ಹೋಗ್ತಿರಲಿಲ್ಲ. ಅದಕ್ಕೇ ನೀರು ಕುಡೀತಿರಲಿಲ್ಲ."

ಅವನಿಗೆ ನಾಚಿಕೆಯಾಯಿತು. ಒಂಟೆಯ ಮಾತನ್ನು ಎಷ್ಟು ಜನರ ಮುಂದೆ ಆಡಿದ್ದನೋ. ನೀರಿನ ಬಾಟಲಿ ತೆಗೆದು ಅವಳ ಕಡೆ ಚಾಚಿದ. ಅವಳು ಅದನ್ನು ಮೆಲ್ಲಗೆ ಅವನ ಕಡೆಗೇ ಸರಿಸಿದಳು.

"ಕಟ್ಟಡ ಬರಲಿ. ಆಮೇಲೆ ಕುಡೀತೀನಿ."

ಅಷ್ಟರಲ್ಲಿ ಬ್ಯಾಗು ಎದೆಗವಚಿಕೊಂಡು ಒಬ್ಬ ಓಡಿಬಂದ. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಜಿಪ್ಪಣ್ಣ ಬಾಟಲಿ ಕೆಳಗಿಟ್ಟು ಕೆಲಸಕ್ಕೆ ಕೈ ಹಾಕಿದ. ರನ್ನರನ್ನು ಹಿಂದುಮುಂದಾಗಿ ಹಾಕಿದ, ಬಿಚ್ಚಿದ, ಮತ್ತೆ ಹಾಗೆಯೇ ಹಾಕಿದ. ಕೊನೆಗೆ ಹೆಂಡತಿಯೇ ಬ್ಯಾಗು ತೆಗೆದುಕೊಂಡು ಜಿಪ್ಪು ಎಳೆದು ಕೊಟ್ಟಳು.